ಹವ್ಯಾಸಿ ಸ್ಕೂಬಾ ಡೈವರ್‌ಗೆ ಯಾವ ಕ್ಯಾಮೆರಾ: ಟಿಜಿ-7, ಅದರ ಹೌಸಿಂಗ್ ಮತ್ತು ಒಂದು ಲೈಟು

ವರ್ಷಕ್ಕೆ ಒಂದೆರಡು ಸಲ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ನೀರಿಗಿಳಿಯುವವರು, ರಜೆ ಕೂಡಿಸಿಟ್ಟು ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋಗಿಬರುವವರು ಸ್ಕೂಬಾ ತರಬೇತಿ ಮುಗಿಸಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಯಾವ ಕ್ಯಾಮೆರಾ ಕೊಳ್ಳಲಿ? ಈ ಬರಹ ಅಂಥವರಿಗಾಗಿ. ನೀರೊಳಗಿನ ಛಾಯಾಗ್ರಹಣವನ್ನೇ ವೃತ್ತಿ ಮಾಡಿಕೊಂಡವರಿಗೆ ಇದರಲ್ಲಿ ಹೊಸದೇನೂ ಸಿಗುವುದಿಲ್ಲ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಓಎಂ ಸಿಸ್ಟಂ ಬ್ರ್ಯಾಂಡಿನ ಟಫ್ ಟಿಜಿ-7 ಕ್ಯಾಮೆರಾ, ಅದಕ್ಕೆಂದೇ ಇರುವ ಪಿಟಿ-059 ಹೌಸಿಂಗ್ (ನೀರು ಹೊಗದಂತೆ ಕ್ಯಾಮೆರಾವನ್ನು ಒಳಗಿಟ್ಟು ಮುಚ್ಚುವ ಗಟ್ಟಿ ಪೆಟ್ಟಿಗೆ), ಅಗಲವಾಗಿ ಬೆಳಕು ಚೆಲ್ಲುವ ಒಂದು ವಿಡಿಯೊ ಲೈಟು, ಎರಡನ್ನೂ ಜೋಡಿಸಿ ಹಿಡಿಯಲು ಒಂದು ಟ್ರೇ ಮತ್ತು ಒಂದು ತೋಳು. ಹವ್ಯಾಸಕ್ಕೆ ಡೈವ್ ಮಾಡುವ ಹೆಚ್ಚಿನವರಿಗೆ ಇಷ್ಟು ಸಾಕು. ಇದಕ್ಕಿಂತ ಕಡಿಮೆ ಸಾಮಾನಿನಲ್ಲಿ ತೃಪ್ತಿ ಸಿಗುವುದು ವಿಡಿಯೊ ಮಾತ್ರ ಬೇಕೆನ್ನುವವರಿಗೆ. ಹೆಚ್ಚಿನ ಸಾಮಾನು ಬೇಕಾಗುವುದು ಪ್ರತಿ ತಿಂಗಳೂ ನೀರಿಗಿಳಿಯುವವರಿಗೆ.

ಈ ತೀರ್ಮಾನಕ್ಕೆ ಕಾರಣ ಕ್ಯಾಮೆರಾಕ್ಕಿಂತ ಹೆಚ್ಚಾಗಿ ನೀರಿನಲ್ಲಿಯೇ ಇದೆ. ಸೂರ್ಯನ ಬೆಳಕು ನೀರಿನೊಳಗೆ ಇಳಿಯುತ್ತ ಹೋದಂತೆ ಅದರಲ್ಲಿನ ಬಣ್ಣಗಳು ಒಂದೊಂದಾಗಿ ಸೋರಿಹೋಗುತ್ತವೆ. ಮೊದಲು ಹೋಗುವುದು ಕೆಂಪು. 5 ಮೀಟರ್ ಆಳ ದಾಟುವಷ್ಟರಲ್ಲಿ ಅದರ ಬಹುಪಾಲು ಇರುವುದಿಲ್ಲ. ಅದರ ಹಿಂದೆಯೇ ಕಿತ್ತಳೆ, ಆಮೇಲೆ ಹಳದಿ. 18 ಮೀಟರ್ ಆಳದಲ್ಲಿ ಕೆಂಪು ಹವಳವೂ ಕಂದು ಬಂಡೆಯೂ ಒಂದೇ ಬೂದು ನೀಲಿಯಾಗಿ ಕಾಣುತ್ತವೆ. ಹೊಸಬರು ಗಮನಿಸದೆ ಬಿಡುವ ಸಂಗತಿಯೊಂದಿದೆ: ಬಣ್ಣ ಕಳೆದುಹೋಗುವುದು ಆಳಕ್ಕೆ ಇಳಿಯುವಾಗ ಮಾತ್ರವಲ್ಲ, ಅಡ್ಡಕ್ಕೆ ಸಾಗುವಾಗಲೂ ಹೌದು. ನಿಮ್ಮ ಕೈಯಲ್ಲಿರುವ ಲೈಟಿನ ಬೆಳಕು ಮೀನಿನವರೆಗೆ ಹೋಗಿ ಮತ್ತೆ ಕ್ಯಾಮೆರಾದವರೆಗೆ ಬರಬೇಕು. ಮೀನು 2 ಮೀಟರ್ ದೂರದಲ್ಲಿದ್ದರೆ ಆ ಬೆಳಕು 4 ಮೀಟರ್ ನೀರನ್ನು ಹಾದುಬಂದಿರುತ್ತದೆ. ಇದರ ಜೊತೆಗೆ ನೀರಿನಲ್ಲಿ ತೇಲುವ ಕಣಗಳಿವೆ. ನಮ್ಮ ಪಶ್ಚಿಮ ಕರಾವಳಿಯ ನೀರಿನಲ್ಲಿ ಅವು ಧಾರಾಳ. ಆದ್ದರಿಂದ ಚಿತ್ರ ತೆಗೆಯುವ ವಸ್ತುವಿಗೂ ಕ್ಯಾಮೆರಾಕ್ಕೂ ನಡುವೆ ಇರುವ ನೀರನ್ನು ಎಷ್ಟು ಕಡಿಮೆ ಮಾಡುತ್ತೀರೋ ಚಿತ್ರ ಅಷ್ಟು ಚೆನ್ನಾಗಿ ಬರುತ್ತದೆ. ಒಂದು ಮೀಟರಿನೊಳಗೆ ಹೋಗಿ, ಸಾಧ್ಯವಾದರೆ ಒಂದು ಮೊಳದೊಳಗೆ. ಕ್ಯಾಮೆರಾ ಆರಿಸುವಾಗ ಮೆಗಾಪಿಕ್ಸೆಲ್ ಎಷ್ಟು, ಝೂಮ್ ಎಷ್ಟು ಎಂದು ಕೇಳುವ ಮೊದಲು ಅದು ಎಷ್ಟು ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯಬಲ್ಲದು ಎಂದು ಕೇಳಬೇಕು.

ಟಿಜಿ-7 ಗೆಲ್ಲುವುದು ಈ ಒಂದು ಪ್ರಶ್ನೆಯಲ್ಲಿಯೇ. 2023ರಲ್ಲಿ ಬಂದ ಈ ಕ್ಯಾಮೆರಾ ಮೇಲ್ನೋಟಕ್ಕೆ ಸಾಧಾರಣವಾದದ್ದು. 12 ಮೆಗಾಪಿಕ್ಸೆಲ್, 1/2.33 ಇಂಚಿನ ಪುಟ್ಟ ಸೆನ್ಸರ್, 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 25ರಿಂದ 100 ಮಿಲಿಮೀಟರಿಗೆ ಸಮನಾದ ಲೆನ್ಸ್. ಇಂದಿನ ಒಳ್ಳೆಯ ಫೋನುಗಳಲ್ಲಿ ಇದಕ್ಕಿಂತ ದೊಡ್ಡ ಸೆನ್ಸರ್ ಇದೆ. ಆದರೆ ಇದರ ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಲೆನ್ಸಿನ ಮುಂದೆ 1 ಸೆಂಟಿಮೀಟರ್ ದೂರದಲ್ಲಿರುವ ವಸ್ತುವಿಗೂ ಫೋಕಸ್ ಸಿಗುತ್ತದೆ, ಅದೂ ಝೂಮ್ ಪೂರ್ತಿ ಎಳೆದಿರುವಾಗ. ಕಿರುಬೆರಳ ಉಗುರಿನಷ್ಟಿರುವ ಜೀವಿ ಚೌಕಟ್ಟನ್ನು ತುಂಬಿಕೊಳ್ಳುತ್ತದೆ. ಬೇರೆ ಕ್ಯಾಮೆರಾಗಳಲ್ಲಿ ಇಷ್ಟನ್ನು ಸಾಧಿಸಬೇಕಾದರೆ ಹೌಸಿಂಗಿನ ಮುಂದೆ ಪ್ರತ್ಯೇಕ ಮ್ಯಾಕ್ರೋ ಲೆನ್ಸ್ ಹಾಕಬೇಕು, ಅದಕ್ಕೆ ಬೇರೆಯೇ ಹಣ ತೆರಬೇಕು.

ನೇತ್ರಾಣಿಯ ಒಂದು ಬಂಡೆಯ ಸಂದಿನಲ್ಲಿ ಹಾವುಮೀನೊಂದು ಬಾಯಿ ತೆರೆದುಕೊಂಡು ಕೂತಿದ್ದನ್ನು ಕಂಡೆ. ಮೊರೆ ಈಲ್ ಎಂದು ಡೈವರ್‌ಗಳು ಕರೆಯುವ ಜಾತಿ ಅದು. ಅದರ ಕೆನ್ನೆಯ ಪಕ್ಕದಲ್ಲಿ ಕೆಂಪು ಬಿಳಿ ಪಟ್ಟೆಗಳ ಒಂದು ಸಿಗಡಿ, ತನ್ನ ಉದ್ದನೆಯ ಬಿಳಿ ಮೀಸೆಗಳನ್ನು ಆಡಿಸುತ್ತ, ಮೀನಿನ ಚರ್ಮಕ್ಕೆ ಅಂಟಿದ್ದನ್ನು ಹೆಕ್ಕಿ ತಿನ್ನುತ್ತಿತ್ತು. ಬರಿಗಣ್ಣಿಗೆ ಅಲ್ಲಿ ಕಂಡದ್ದು ಕತ್ತಲೆ ಸಂದು, ಒಂದು ತಲೆ, ಅಲುಗಾಡುವ ಒಂದೆರಡು ಬಿಳಿ ಗೆರೆ. ಲೈಟನ್ನು ಪಕ್ಕಕ್ಕೆ ಸರಿಸಿ, ಬಂಡೆಗೆ ಮೈ ತಾಗದಂತೆ ನಿಂತು, ಮೈಕ್ರೋಸ್ಕೋಪ್ ಮೋಡಿಗೆ ಡಯಲ್ ತಿರುಗಿಸಿ ತೆಗೆದ ಚಿತ್ರದಲ್ಲಿ ಸಿಗಡಿಯ ಕಾಲಿನ ಮೇಲಿನ ಮುಳ್ಳುಗಳು ಕಂಡವು. ಹಾವುಮೀನಿನ ಕಣ್ಣಿನ ಸುತ್ತಲ ಚುಕ್ಕೆಗಳೂ ಕಂಡವು. ಹಡಗಿನಷ್ಟು ದೊಡ್ಡ ಮೀನು ಎದುರಾಗುವುದು ಅದೃಷ್ಟದ ಮಾತು. ಆದರೆ ಯಾವ ಡೈವ್‌ನಲ್ಲಾದರೂ, ನೀರು ಎಷ್ಟೇ ಮಬ್ಬಾಗಿದ್ದರೂ, ಸಿಗಡಿಗಳು, ಚಿಪ್ಪಿಲ್ಲದ ಬಣ್ಣದ ಬಸವನಹುಳುಗಳಾದ ನ್ಯೂಡಿಬ್ರ್ಯಾಂಕುಗಳು, ಪುಟ್ಟ ಏಡಿಗಳು ಇದ್ದೇ ಇರುತ್ತವೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ಕೆಲವು ದಿನ ನೀರು ತಿಳಿಯಾಗಿರುತ್ತದೆ, ಕೆಲವು ದಿನ ಐದಾರು ಮೀಟರಿನಾಚೆ ಏನೂ ಕಾಣುವುದಿಲ್ಲ. ಅಂಥ ದಿನಗಳಲ್ಲಿ ಅಗಲ ನೋಟದ ಕ್ಯಾಮೆರಾ ಹಿಡಿದವರು ಬರಿಗೈಯಲ್ಲಿ ದೋಣಿ ಹತ್ತುತ್ತಾರೆ. ಹತ್ತಿರದ ಚಿತ್ರ ತೆಗೆಯಬಲ್ಲವರಿಗೆ ಕೆಲಸ ಸಿಗುತ್ತದೆ. ಕರ್ನಾಟಕದ ಕಡಲಿನಲ್ಲಿ ಡೈವ್ ಮಾಡುವವರಿಗೆ ನಾನು ಟಿಜಿ-7 ಹೇಳುವುದು ಮುಖ್ಯವಾಗಿ ಇದಕ್ಕೇ.

ಇನ್ನು ಆಳದ ಮಾತು. ಟಿಜಿ-7 ಯಾವ ಹೊದಿಕೆಯೂ ಇಲ್ಲದೆ 15 ಮೀಟರ್ ಆಳದವರೆಗೆ ನೀರು ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಹಾಗಿದ್ದರೆ ಹೌಸಿಂಗ್ ಏಕೆ ಎಂದು ಅಂಗಡಿಯಲ್ಲಿ ಕೇಳುವವರು ಬಹಳ. ಉಸಿರಿನ ಕೊಳವೆ ಕಚ್ಚಿಕೊಂಡು ನೀರಿನ ಮೇಲ್ಮೈಯಲ್ಲೇ ತೇಲುತ್ತ ಸ್ನಾರ್ಕೆಲಿಂಗ್ ಮಾಡುವವರಿಗೆ ಹೌಸಿಂಗ್ ಬೇಕಾಗಿಲ್ಲ, ನಿಜ. ಆದರೆ ಡೈವಿಂಗ್ ತರಬೇತಿ ಸಂಸ್ಥೆಯಾದ ಪ್ಯಾಡಿಯ ಓಪನ್ ವಾಟರ್ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್ ವರೆಗೆ, ಅಡ್ವಾನ್ಸ್ಡ್ ಮುಗಿಸಿದವರಿಗೆ 30 ಮೀಟರ್ ವರೆಗೆ ಇಳಿಯುವ ಅವಕಾಶವಿದೆ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತ ಹೋಗುವುದರಿಂದ 30 ಮೀಟರಿನಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ನಾಲ್ಕರಷ್ಟಾಗುತ್ತದೆ. ಕಣ್ಣೆದುರು ಕಡಲಾಮೆ ಕೆಳಕ್ಕೆ ಜಾರುತ್ತಿರುವಾಗ 15ನೆಯ ಮೀಟರಿನಲ್ಲಿ ನಿಂತುಬಿಡುವ ಎಚ್ಚರ ಎಲ್ಲರಿಗೂ ಇರುವುದಿಲ್ಲ. ಪಿಟಿ-059 ಹೌಸಿಂಗ್ 45 ಮೀಟರ್ ವರೆಗೆ ಪರೀಕ್ಷಿತವಾದದ್ದು, ಅಂದರೆ ಹವ್ಯಾಸಿ ಡೈವಿಂಗಿನ 40 ಮೀಟರ್ ಮಿತಿಯನ್ನೂ ಮೀರಿದ್ದು.

ಆದರೆ ಹೌಸಿಂಗಿನ ದೊಡ್ಡ ಲಾಭ ಆಳದಲ್ಲಿಲ್ಲ, ಎರಡು ಪದರದ ರಕ್ಷಣೆಯಲ್ಲಿದೆ. ಸಾಮಾನ್ಯ ಕ್ಯಾಮೆರಾವನ್ನು ಹೌಸಿಂಗಿನಲ್ಲಿಟ್ಟಾಗ ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿಗೆ ಒಂದು ತಲೆಗೂದಲು ಅಡ್ಡ ಬಂದರೆ ಕ್ಯಾಮೆರಾ ಮುಗಿಯಿತು. ಟಿಜಿ-7ರಲ್ಲಿ ಹೌಸಿಂಗಿನೊಳಗೆ ನೀರು ಬಂದರೂ ಒಳಗಿನ ಕ್ಯಾಮೆರಾ ತಾನೇ ನೀರು ತಡೆಯುವಂಥದ್ದು. 15 ಮೀಟರಿನೊಳಗಿದ್ದರೆ ಅದಕ್ಕೆ ಏನೂ ಆಗಬಾರದು, ಅದಕ್ಕಿಂತ ಆಳದಲ್ಲಿದ್ದರೆ ನಿಧಾನವಾಗಿ, ನಿಯಮದಂತೆ ಮೇಲೇರಲು ಸಮಯ ಸಿಗುತ್ತದೆ. ಕ್ಯಾಮೆರಾ ಉಳಿಸಿಕೊಳ್ಳುವ ಗಾಬರಿಯಲ್ಲಿ ಸರ್ರನೆ ಮೇಲೇರುವುದು ಡೈವರಿನ ಜೀವಕ್ಕೇ ಅಪಾಯ. ಆ ಗಾಬರಿಗೆ ಆಸ್ಪದ ಕೊಡದ ಕ್ಯಾಮೆರಾ ಹೊಸಬರ ಕೈಯಲ್ಲಿ ಇರಬೇಕಾದದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದೇ ಹೌಸಿಂಗ್ 2019ರ ಟಿಜಿ-6ಕ್ಕೂ ಹೊಂದುತ್ತದೆ. ಚಿತ್ರದ ಗುಣಮಟ್ಟದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ಹೊಸದರಲ್ಲಿ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಮಾಡಬಹುದು ಎಂಬುದು ಪ್ರಯಾಣದಲ್ಲಿ ದೊಡ್ಡ ಅನುಕೂಲ. ಪರಿಚಯದವರ ಬಳಿ ಚೆನ್ನಾಗಿ ನೋಡಿಕೊಂಡ ಟಿಜಿ-6 ಹೌಸಿಂಗ್ ಸಮೇತ ಸಿಗುವುದಾದರೆ ಹಿಂಜರಿಯದೆ ತೆಗೆದುಕೊಳ್ಳಬಹುದು.

ಕುಂದುಗಳೂ ಇವೆ. ಪೂರ್ತಿ ಮ್ಯಾನ್ಯುಯಲ್ ಮೋಡ್ ಇದರಲ್ಲಿಲ್ಲ. ಅಪರ್ಚರ್ (ಬೆಳಕು ಒಳಬಿಡುವ ಕಿಂಡಿಯ ಅಳತೆ) ಆರಿಸಬಹುದು, ಆದರೆ ಶಟರ್ ವೇಗವನ್ನು ಕ್ಯಾಮೆರಾವೇ ನಿರ್ಧರಿಸುತ್ತದೆ. ನೀಲಿ ನೀರಿನ ಹಿನ್ನೆಲೆಯನ್ನು ತನಗೆ ಬೇಕಾದಷ್ಟು ಗಾಢ ಮಾಡಿಕೊಳ್ಳಬಯಸುವವರಿಗೆ ಇದು ಕೈ ಕಟ್ಟಿಹಾಕಿದಂತಾಗುತ್ತದೆ. ಸೆನ್ಸರ್ ಚಿಕ್ಕದಾದ್ದರಿಂದ ಬೆಳಕು ಕಡಿಮೆಯಾದ ಕೂಡಲೇ ಚಿತ್ರ ಒರಟಾಗುತ್ತದೆ. ಮೋಡ ಕವಿದ ದಿನ 20 ಮೀಟರಿನಲ್ಲಿ ಲೈಟಿಲ್ಲದೆ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಅಗಲ ನೋಟದಲ್ಲಿಯೂ ಅಷ್ಟೆ. ಹೌಸಿಂಗಿನ ಚಪ್ಪಟೆ ಗಾಜಿನ ಹಿಂದೆ, ನೀರಿನ ವಕ್ರೀಭವನದಿಂದಾಗಿ, 25 ಮಿಲಿಮೀಟರಿನ ನೋಟ ಹೆಚ್ಚುಕಡಿಮೆ 33 ಮಿಲಿಮೀಟರಿನದಕ್ಕೆ ಕುಗ್ಗುತ್ತದೆ. ಜೊತೆಯ ಡೈವರನ್ನು ತಲೆಯಿಂದ ಕಾಲಿನ ಈಜುರೆಕ್ಕೆಯಾದ ಫಿನ್‌ವರೆಗೆ ಹಿಡಿಯಬೇಕಾದರೆ ಎರಡು ಮೂರು ಮೀಟರ್ ಹಿಂದೆ ಸರಿಯಬೇಕಾಗುತ್ತದೆ, ಸರಿದಷ್ಟೂ ನಡುವೆ ನೀರು ಹೆಚ್ಚುತ್ತದೆ. ಹೌಸಿಂಗಿನ ಮುಂದೆ 52 ಮಿಲಿಮೀಟರಿನ ತಿರುಪು ಇರುವುದರಿಂದ ಮುಂದೆ ಎಂದಾದರೂ ಅಗಲ ನೋಟದ ವೆಟ್ ಲೆನ್ಸ್ ಕೂಡಿಸಬಹುದು. ನೀರಿನೊಳಗೇ ಹಾಕಿ ತೆಗೆಯಬಹುದಾದ ಲೆನ್ಸ್ ಅದು. ಮೊದಲ ವರ್ಷ ಅದು ಬೇಡ.

ಈ ಕುಂದಿಗೆ ಎದುರಾಗಿ ನಿಲ್ಲುವುದು ಆ್ಯಕ್ಷನ್ ಕ್ಯಾಮೆರಾಗಳು. ನಮ್ಮಲ್ಲಿ ಗೋಪ್ರೋ ಎಂಬುದು ಈ ಇಡೀ ಜಾತಿಯ ಹೆಸರೇ ಆಗಿಹೋಗಿದೆ. ಮುರುಡೇಶ್ವರದಲ್ಲಿ ಮೊದಲ ಬಾರಿ ನೀರಿಗಿಳಿಯುವವರ ವಿಡಿಯೊವನ್ನು ಡೈವ್‌ಮಾಸ್ಟರ್‌ಗಳು ತೆಗೆಯುವುದೂ ಸಾಮಾನ್ಯವಾಗಿ ಅದರಲ್ಲಿಯೇ. 2024ರ ಹೀರೋ 13 ಬ್ಲ್ಯಾಕ್ ಹೊದಿಕೆಯಿಲ್ಲದೆ 10 ಮೀಟರ್, ಅದರ ಹೌಸಿಂಗಿನಲ್ಲಿ 60 ಮೀಟರ್ ಆಳಕ್ಕೆ ಹೋಗುತ್ತದೆ. ಅದೇ ವರ್ಷದ ಡಿಜೆಐ ಓಸ್ಮೋ ಆ್ಯಕ್ಷನ್ 5 ಪ್ರೋ ಹೊದಿಕೆಯಿಲ್ಲದೆಯೇ 20 ಮೀಟರ್, ಹೌಸಿಂಗಿನಲ್ಲಿ 60 ಮೀಟರ್. ಇದರ 1/1.3 ಇಂಚಿನ ಸೆನ್ಸರ್ ಟಿಜಿ-7ರದ್ದಕ್ಕಿಂತ ಎಷ್ಟೋ ದೊಡ್ಡದು, ಮಬ್ಬು ಬೆಳಕಿನಲ್ಲಿ ವಿಡಿಯೊ ಚೆನ್ನಾಗಿ ಬರುತ್ತದೆ, ಅಲುಗಾಟ ತಡೆಯುವ ವ್ಯವಸ್ಥೆ ಎರಡರಲ್ಲಿಯೂ ಬಹಳ ಒಳ್ಳೆಯದಿದೆ. ವಿಡಿಯೊವೇ ನಿಮಗೆ ಮುಖ್ಯವೆಂದರೆ, ಅಂಡಮಾನಿನ ಸ್ವರಾಜ್ ದ್ವೀಪದ ತಿಳಿನೀರಿನಲ್ಲಿ ಮೀನಿನ ಹಿಂಡುಗಳ ನಡುವೆ ಸಾಗುವುದನ್ನು ಮನೆಯವರಿಗೆ ತೋರಿಸಬೇಕೆಂದರೆ, ಟಿಜಿ-7 ಬಿಟ್ಟು ಇವುಗಳಲ್ಲಿ ಒಂದನ್ನು ಕೊಳ್ಳಿ. ನನ್ನ ಆಯ್ಕೆ ಓಸ್ಮೋ. ಆದರೂ 20 ಮೀಟರ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದಾರೆಂದು ಬರಿ ಕ್ಯಾಮೆರಾ ಹಿಡಿದು 18 ಮೀಟರಿಗೆ ಇಳಿಯಬೇಡಿ. ಅಲ್ಲಿ ಉಳಿಯುವ ಅಂತರ ತೀರಾ ಕಡಿಮೆ. ಬ್ಯಾಟರಿಯ ಬಾಗಿಲಿನ ಅಂಚಿಗೆ ಒಂದು ಕಾಳು ಮರಳು ಕೂತರೆ ಆ ಅಂತರವೂ ಇರುವುದಿಲ್ಲ.

ಆ್ಯಕ್ಷನ್ ಕ್ಯಾಮೆರಾಗಳ ಮಿತಿ ಅವುಗಳ ಲೆನ್ಸಿನಲ್ಲಿದೆ. ಫೋಕಸ್ ಸ್ಥಿರವಾದದ್ದು, ಒಂದಡಿಗಿಂತ ಹತ್ತಿರ ಬಂದದ್ದೆಲ್ಲ ಮಸುಕು. ಹತ್ತಿರ ಹೋಗಬೇಕಾದ ಕಡೆಯಲ್ಲಿಯೇ ಇವು ಕೈಕೊಡುತ್ತವೆ. ನೋಟ ಅಗಲವಾಗಿರುವುದರಿಂದ ಎರಡು ಮೀಟರಿನಾಚೆಯ ಮೀನು ಪರದೆಯ ಮೇಲೆ ಒಂದು ಚುಕ್ಕೆ. ಕಡಲಹೂವಿನ ಎಸಳುಗಳ ನಡುವೆ ಆಡುವ ಕ್ಲೌನ್‌ಫಿಶ್ ಜೋಡಿಯನ್ನು ಇವುಗಳಲ್ಲಿ ಚಂದವಾಗಿ ಹಿಡಿಯಬಹುದು, ಏಕೆಂದರೆ ಆ ಮೀನು ಓಡಿಹೋಗದೆ ತನ್ನ ಮನೆಯ ಮುಂದೆ ನಿಂತು ನಮ್ಮನ್ನೇ ಎದುರಿಸುತ್ತದೆ. ಆದರೆ ಬೆರಳುದ್ದದ ನ್ಯೂಡಿಬ್ರ್ಯಾಂಕ್ ಬೇಕೆಂದರೆ ಆಗದು. ಇವುಗಳ ಜೊತೆ ಮಾರುವ ಕೆಂಪು ಫಿಲ್ಟರಿನ ಬಗ್ಗೆ ಒಂದು ಮಾತು. ಸೂರ್ಯನ ಬೆಳಕಿನಲ್ಲಿ, ಸರಿಸುಮಾರು 5ರಿಂದ 20 ಮೀಟರಿನ ನಡುವೆ, ಅದರಿಂದ ಉಪಯೋಗವಿದೆ: ಹೆಚ್ಚಿನ ನೀಲಿ ಹಸಿರನ್ನು ತಡೆದು, ಉಳಿದಿರುವ ಅಲ್ಪಸ್ವಲ್ಪ ಕೆಂಪಿಗೆ ಜಾಗ ಮಾಡಿಕೊಡುತ್ತದೆ. ಕಳೆದುಹೋದ ಬಣ್ಣವನ್ನು ಮರಳಿ ತರುವ ಶಕ್ತಿ ಅದಕ್ಕಿಲ್ಲ. ಲೈಟ್ ಹಾಕಿದ ಕೂಡಲೇ ಫಿಲ್ಟರನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಹತ್ತಿರದ್ದೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ.

ಉಳಿದ ಆಯ್ಕೆಗಳನ್ನು ಬೇಗ ಮುಗಿಸುತ್ತೇನೆ. ಫೋನನ್ನೇ ನೀರಿಗಿಳಿಸುವ ಹೌಸಿಂಗುಗಳಲ್ಲಿ ಸೀಲೈಫ್ ಕಂಪನಿಯ ಸ್ಪೋರ್ಟ್‌ಡೈವರ್ ಗಟ್ಟಿಯಾದದ್ದು. 40 ಮೀಟರ್ ವರೆಗೆ ಹೋಗುತ್ತದೆ, ನೀರಿಗಿಳಿಯುವ ಮೊದಲೇ ಒಳಗಿನ ಗಾಳಿಯನ್ನು ಹೊರಗೆಳೆದು ಸೋರಿಕೆ ಇದೆಯೇ ಎಂದು ಪರೀಕ್ಷಿಸಿಕೊಳ್ಳುವ ವ್ಯವಸ್ಥೆಯಿದೆ. ಚಿತ್ರವೂ ಚೆನ್ನಾಗಿರುತ್ತದೆ. ಆದರೆ ಬ್ಯಾಂಕು, ಟಿಕೆಟು, ಮನೆಯವರ ಸಂಪರ್ಕ ಎಲ್ಲವೂ ಒಂದೇ ಫೋನಿನಲ್ಲಿರುವ ಕಾಲದಲ್ಲಿ, ಊರಿನಿಂದ ದೂರದ ದ್ವೀಪವೊಂದರಲ್ಲಿ ಅದನ್ನು ಕಡಲಿಗಿಳಿಸುವ ಧೈರ್ಯ ನನಗಿಲ್ಲ. ಹಳೆಯ ಫೋನ್ ಇದ್ದವರು ಯೋಚಿಸಬಹುದು. ಕುತ್ತಿಗೆಗೆ ತೂಗುಹಾಕಿಕೊಳ್ಳುವ ತೆಳು ಪ್ಲಾಸ್ಟಿಕ್ ಚೀಲಗಳು ಮಾತ್ರ ಡೈವಿಂಗಿಗೆ ಖಂಡಿತ ಅಲ್ಲ. ಸೀಲೈಫ್‌ನದ್ದೇ ಮೈಕ್ರೋ 3.0 ಎಂಬ ಕ್ಯಾಮೆರಾ ಶಾಶ್ವತವಾಗಿ ಮುಚ್ಚಿಯೇ ಬರುತ್ತದೆ. ತೆರೆಯುವ ಬಾಗಿಲೂ ಇಲ್ಲ, ಕಾಳಜಿ ಮಾಡಬೇಕಾದ ಓ-ರಿಂಗೂ ಇಲ್ಲ, 60 ಮೀಟರ್ ವರೆಗೆ ನಿಶ್ಚಿಂತೆ. ಯಂತ್ರಗಳ ಉಸಾಬರಿಯೇ ಬೇಡವೆನ್ನುವವರಿಗೆ ಅದು ಒಳ್ಳೆಯದು, ಆದರೆ ಅದೂ ತೀರಾ ಹತ್ತಿರದ ಚಿತ್ರಕ್ಕೆ ಆಗುವುದಿಲ್ಲ. ಸೋನಿ ಆರ್‌ಎಕ್ಸ್100 ಸಾಲಿನ ಕ್ಯಾಮೆರಾಗಳಲ್ಲಿ 1 ಇಂಚಿನ ಸೆನ್ಸರ್ ಇದ್ದು ಚಿತ್ರಗಳು ಟಿಜಿ-7ರವುಗಳಿಗಿಂತ ಸ್ಪಷ್ಟವಾಗಿ ಮೇಲಿನ ದರ್ಜೆಯವು. ಆದರೆ ಕ್ಯಾಮೆರಾ ತಾನಾಗಿ ನೀರು ತಡೆಯುವುದಿಲ್ಲ, ಒಳ್ಳೆಯ ಅಲ್ಯೂಮಿನಿಯಂ ಹೌಸಿಂಗಿಗೆ ಕ್ಯಾಮೆರಾದಷ್ಟೇ ಹಣ ಬೇಕಾಗಬಹುದು, ಮ್ಯಾಕ್ರೋ ಲೆನ್ಸ್ ಬೇರೆ. ವರ್ಷಕ್ಕೆ ನಾಲ್ಕಾರು ಡೈವ್ ಮಾಡುವವರು ಅಷ್ಟು ಹಣವನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳುವುದು ಮೇಲು.

ಈಗ ಲೈಟಿನ ವಿಷಯ. ಕ್ಯಾಮೆರಾಕ್ಕಿಂತ ಇದರ ಮೇಲೆ ಹೆಚ್ಚು ಯೋಚಿಸಿ ಎಂದು ನಾನು ಹೇಳುತ್ತೇನೆ. ಒಂದೇ ಕ್ಯಾಮೆರಾದಲ್ಲಿ, ಒಂದೇ ಬಂಡೆಯ ಮುಂದೆ, ಲೈಟ್ ಇಲ್ಲದೆ ಒಂದು, ಇದ್ದು ಒಂದು ಚಿತ್ರ ತೆಗೆದು ನೋಡಿ. ಮೊದಲನೆಯದರಲ್ಲಿ ಸೀಸದ ಬಣ್ಣದ ಕಲ್ಲು. ಎರಡನೆಯದರಲ್ಲಿ ಅದೇ ಕಲ್ಲಿನ ಮೇಲೆ ಕಿತ್ತಳೆ ಸ್ಪಂಜು, ನೇರಳೆ ಪಾಚಿ, ಹಳದಿ ಹವಳದ ಮೊಗ್ಗುಗಳು. ಸೆನ್ಸರಿನ ದರ್ಜೆ ಏರಿಸುವುದರಿಂದ ಈ ವ್ಯತ್ಯಾಸ ಬರುವುದಿಲ್ಲ. ಟಿಜಿ-7ರ ಒಳಗೇ ಫ್ಲ್ಯಾಶ್ ಇದೆ, ಅಂಗೈ ಅಗಲದ ದೂರದಲ್ಲಿ ಅದು ಕೆಲಸಕ್ಕೂ ಬರುತ್ತದೆ. ಆದರೆ ಅದು ಲೆನ್ಸಿನ ಪಕ್ಕದಲ್ಲಿಯೇ ಇರುವುದರಿಂದ, ಸ್ವಲ್ಪ ದೂರದ ವಸ್ತುವಿಗೆ ಹಾಕಿದರೆ ನಡುವಿನ ನೀರಿನಲ್ಲಿ ತೇಲುವ ಪ್ರತಿ ಕಣವೂ ಹೊಳೆದು, ಚಿತ್ರದ ತುಂಬ ಬಿಳಿ ಚುಕ್ಕೆಗಳು ತುಂಬಿಕೊಳ್ಳುತ್ತವೆ. ಬ್ಯಾಕ್‌ಸ್ಕ್ಯಾಟರ್ ಎಂದು ಡೈವರ್‌ಗಳು ಶಪಿಸುವುದು ಇದನ್ನೇ. ಮಳೆ ಮಂಜಿನ ರಾತ್ರಿ ಆಗುಂಬೆ ಘಾಟಿಯಲ್ಲಿ ಕಾರಿನ ಹೈ ಬೀಮ್ ಹಾಕಿದವರಿಗೆ ಇದು ಏನೆಂದು ವಿವರಿಸಬೇಕಾಗಿಲ್ಲ. ಪರಿಹಾರ ಒಂದೇ: ಬೆಳಕಿನ ಮೂಲವನ್ನು ಲೆನ್ಸಿನಿಂದ ದೂರ, ಪಕ್ಕಕ್ಕೆ ಮತ್ತು ತುಸು ಮೇಲಕ್ಕೆ ಒಯ್ದು, ಬೆಳಕಿನ ಅಂಚು ಮಾತ್ರ ವಸ್ತುವನ್ನು ಸವರುವಂತೆ ತಿರುಗಿಸುವುದು. ಟ್ರೇ ಮತ್ತು ತೋಳು ಬೇಕಾಗುವುದು ಇದಕ್ಕೆ.

ವಿಡಿಯೊ ಲೈಟೋ, ಹೊರಗಿನಿಂದ ಜೋಡಿಸುವ ಫ್ಲ್ಯಾಶ್ ಆದ ಸ್ಟ್ರೋಬೋ ಎಂಬ ಚರ್ಚೆಗೆ ಕೊನೆಯಿಲ್ಲ. ಸ್ಟ್ರೋಬ್ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಬಹಳ ಬೆಳಕು ಸುರಿಯುತ್ತದೆ, ಓಡುವ ಮೀನನ್ನು ನಿಲ್ಲಿಸಿ ತೋರಿಸುತ್ತದೆ. ಸ್ಥಿರಚಿತ್ರಕ್ಕೆ ಅದಕ್ಕೆ ಸಾಟಿಯಿಲ್ಲ. ಪಿಟಿ-059ಗೆ ಆಪ್ಟಿಕಲ್ ಫೈಬರ್ ತಂತಿಯ ಮೂಲಕ ಸ್ಟ್ರೋಬ್ ಜೋಡಿಸಬಹುದು, ಬ್ಯಾಕ್‌ಸ್ಕ್ಯಾಟರ್ ಎಂಬ ಹೆಸರಿನದೇ ಅಮೆರಿಕನ್ ಕಂಪನಿಯ ಮಿನಿ ಫ್ಲ್ಯಾಶನ್ನು ಟಿಜಿ ಬಳಸುವವರು ಬಹಳ ಮೆಚ್ಚುತ್ತಾರೆ. ಆದರೂ ಆರಂಭಕ್ಕೆ ವಿಡಿಯೊ ಲೈಟನ್ನೇ ನಾನು ಹೇಳುತ್ತೇನೆ. ಸದಾ ಉರಿಯುವ ಬೆಳಕಾದ್ದರಿಂದ ನೆರಳು ಎಲ್ಲಿ ಬೀಳುತ್ತದೆ, ಕಣಗಳು ಎಲ್ಲಿ ಹೊಳೆಯುತ್ತವೆ ಎಂಬುದು ಕ್ಲಿಕ್ಕಿಸುವ ಮೊದಲೇ ಕಾಣುತ್ತದೆ, ಕ್ಯಾಮೆರಾಕ್ಕೆ ಫೋಕಸ್ ಸಿಗಲು ನೆರವಾಗುತ್ತದೆ, ಬಂಡೆಯ ಸಂದುಗಳಲ್ಲಿ ಇಣುಕಿ ನೋಡಲು ಟಾರ್ಚ್ ಆಗುತ್ತದೆ, ವಿಡಿಯೊಕ್ಕೂ ಬರುತ್ತದೆ. ಕೊಳ್ಳುವಾಗ ಎರಡು ಸಂಗತಿ ನೋಡಿ. ಬೆಳಕಿನ ಕೋನ 100 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿರಲಿ. ಸಾಮಾನ್ಯ ಡೈವ್ ಟಾರ್ಚಿನ ಕೂರ್ಪಾದ ಕಿರಣ ಚಿತ್ರದ ನಡುವೆ ಒಂದು ಬಿಳಿ ಬೊಟ್ಟು ಇಟ್ಟುಬಿಡುತ್ತದೆ. ಶಕ್ತಿ 2000 ಲ್ಯೂಮೆನ್ ಆಸುಪಾಸು ಇದ್ದರೆ ಹತ್ತಿರದ ಚಿತ್ರಗಳಿಗೆ ಧಾರಾಳವಾಯಿತು, ಅದನ್ನು ಹಂತಹಂತವಾಗಿ ಕಡಿಮೆ ಮಾಡುವ ಅವಕಾಶವೂ ಇರಲಿ. ಪುಟ್ಟ ಜೀವಿಗಳ ಕಣ್ಣಿಗೆ ಪೂರ್ತಿ ಬೆಳಕನ್ನು ಹಿಡಿದು ನಿಲ್ಲುವುದು ಸರಿಯಲ್ಲ.

ಟ್ರೇ ಒಂದು ಹಿಡಿಕೆಯದ್ದಾದರೆ ಸಾಕು, ಇನ್ನೊಂದು ಕೈ ಬಿಸಿಡಿಯ (ತೇಲುವಿಕೆ ಹೊಂದಿಸಲು ತೊಡುವ ಗಾಳಿ ಜಾಕೆಟ್ಟು) ಗಾಳಿ ಹೊಂದಿಸಲು ಖಾಲಿ ಇರಬೇಕು. ತೋಳು ಒಂದಡಿ ಉದ್ದದ, ಬೇಕಾದತ್ತ ಬಗ್ಗಿಸಬಹುದಾದ್ದು. ಕ್ಯಾಮೆರಾ ಕೈಬಿಟ್ಟು ಹೋಗದಂತೆ ಹಿಡಿಯುವ ಸುರುಳಿ ತಂತಿಯ ಲ್ಯಾನ್‌ಯಾರ್ಡ್ ಕೊಂಡು ಅದರ ಕ್ಲಿಪ್ಪನ್ನು ಬಿಸಿಡಿಯ ಲೋಹದ ಕೊಂಡಿಗೆ (ಡಿ-ರಿಂಗ್) ಹಾಕಿ; ಮಣಿಕಟ್ಟಿಗೆ ಕಟ್ಟಿಕೊಂಡ ಕ್ಯಾಮೆರಾ ಅವಸರದಲ್ಲಿ ಬಿಡಿಸಿಕೊಳ್ಳಲು ಬಾರದು. ಹಳದಿ ಬಣ್ಣದ ತೇಲುವ ಹಿಡಿಕೆಗಳನ್ನು ಸ್ನಾರ್ಕೆಲಿಂಗಿಗೆ ಮೀಸಲಿಡಿ. ಆಳದಲ್ಲಿ ಅವು ಕೈಯನ್ನು ಸದಾ ಮೇಲಕ್ಕೆಳೆಯುತ್ತವೆ, ಕೈ ತಪ್ಪಿದರೆ ಕ್ಯಾಮೆರಾ ನಿಮ್ಮನ್ನು ಕೆಳಗೆ ಬಿಟ್ಟು ಮೇಲಕ್ಕೆ ಹೊರಟುಹೋಗುತ್ತದೆ.

ಎಷ್ಟೇ ಬೆಲೆಯ ಹೌಸಿಂಗ್ ಆದರೂ ಅದರ ಜೀವ ಇರುವುದು ಓ-ರಿಂಗಿನಲ್ಲಿ. ಹೌಸಿಂಗಿನ ಎರಡು ಭಾಗಗಳ ನಡುವೆ ಅದುಮಿ ಕೂರುವ ಈ ರಬ್ಬರ್ ಬಳೆಯನ್ನು ಡೈವಿಗೆ ಹಿಂದಿನ ರಾತ್ರಿ, ಕೋಣೆಯಲ್ಲಿ, ಫ್ಯಾನ್ ನಿಲ್ಲಿಸಿ, ಒಳ್ಳೆಯ ಬೆಳಕಿನಲ್ಲಿ ಸಿದ್ಧ ಮಾಡಬೇಕು. ಚೂಪಾದ ಯಾವುದನ್ನೂ ಬಳಸದೆ ಹೊರತೆಗೆದು, ಬೆರಳ ತುದಿಗಳ ನಡುವೆ ಮೆಲ್ಲಗೆ ಎಳೆದುಕೊಂಡು ಸುತ್ತಲೂ ಹೋಗಿ. ಕಣ್ಣಿಗೆ ಕಾಣದ ಮರಳಿನ ಕಾಳು ಬೆರಳಿಗೆ ತಾಗುತ್ತದೆ. ಅದು ಕೂರುವ ತೋಡನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಆಮೇಲೆ ಕಂಪನಿಯೇ ಕೊಟ್ಟ ಗ್ರೀಸನ್ನು ಅಕ್ಕಿ ಕಾಳಿನಷ್ಟು ತೆಗೆದುಕೊಂಡು, ಬಳೆ ಹೊಳೆಯುವಷ್ಟು ಮಾತ್ರ ಸವರಿ. ಗ್ರೀಸ್ ನೀರನ್ನು ತಡೆಯುವುದಿಲ್ಲ, ಬಳೆಯನ್ನು ಮೃದುವಾಗಿಟ್ಟು ಸರಿಯಾಗಿ ಕೂರಲು ಅನುಕೂಲ ಮಾಡುತ್ತದೆ ಅಷ್ಟೆ. ಹೆಚ್ಚು ಹಚ್ಚಿದರೆ ಧೂಳು, ಕೂದಲು ಅಂಟಿಕೊಳ್ಳುತ್ತವೆ. ಬೇರೆ ಕಂಪನಿಯ ಗ್ರೀಸ್ ಹಚ್ಚಬೇಡಿ, ಏಕೆಂದರೆ ಹೊಂದದ ಗ್ರೀಸ್ ಬಳೆಯನ್ನೇ ಉಬ್ಬಿಸಿ ಹಾಳು ಮಾಡಬಹುದು. ಮೊದಲ ಸಲ ಕ್ಯಾಮೆರಾ ಇಡದೆ ಖಾಲಿ ಹೌಸಿಂಗನ್ನು, ಒಳಗೆ ಒಂದು ಟಿಶ್ಯೂ ಕಾಗದವಿಟ್ಟು, ಡೈವಿಗೆ ಒಯ್ದು ಪರೀಕ್ಷಿಸಿ.

ಎರಡನೆಯ ಶತ್ರು ಒಳಗಿನ ಆವಿ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದರೆ, ದೋಣಿಯ ಮೇಲೆ ಬಿಸಿಲಿನಲ್ಲಿ ಹೌಸಿಂಗ್ ಮುಚ್ಚಿ ನೀರಿಗಿಳಿದರೆ, ಕ್ಯಾಮೆರಾ ಬಿಸಿಯಾಗುತ್ತ, ಗಾಜು ತಣ್ಣಗಾಗುತ್ತ, ಐದೇ ನಿಮಿಷದಲ್ಲಿ ಗಾಜಿನ ಒಳಬದಿಗೆ ಹನಿ ಕಟ್ಟುತ್ತದೆ. ಒಮ್ಮೆ ಬಾಡಿಗೆಗೆ ತೆಗೆದುಕೊಂಡ ಆ್ಯಕ್ಷನ್ ಕ್ಯಾಮೆರಾವನ್ನು ದೋಣಿಯಲ್ಲಿಯೇ ತೆರೆದು ಬ್ಯಾಟರಿ ಬದಲಾಯಿಸಿ ಕೊಟ್ಟಿದ್ದರು. ಆ ಡೈವಿನ ವಿಡಿಯೊ ಪೂರ್ತಿ ಹಾಲು ಬೆರೆಸಿದ ನೀರಿನಂತೆ ಬಂತು. ಬೆಳಿಗ್ಗೆ ಎಸಿ ಕೋಣೆಯ ಒಣ ಗಾಳಿಯಲ್ಲಿಯೇ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಅಥವಾ ಆವಿ ಹೀರುವ ಪಟ್ಟಿ ಇಟ್ಟು, ಎರಡೂ ಡೈವ್ ಮುಗಿಯುವವರೆಗೆ ತೆರೆಯದಿರುವುದೇ ಕ್ಷೇಮ. ದೋಣಿಯಲ್ಲಿ ಅದರ ಮೇಲೆ ಒದ್ದೆ ಟವೆಲ್ ಹೊದಿಸಿಡಿ. ಡೈವಿನ ನಂತರ ಸಿಹಿನೀರಿನಲ್ಲಿ ನೆನೆಸಿಟ್ಟು, ನೀರಿನೊಳಗೇ ಒಂದೊಂದು ಗುಂಡಿಯನ್ನೂ ಹಲವು ಸಲ ಒತ್ತಿ, ಸಂದುಗಳ ಉಪ್ಪು ಕರಗುವಂತೆ ಮಾಡಿ. ಎಲ್ಲರ ಕ್ಯಾಮೆರಾಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುವ ಡೈವ್ ಸೆಂಟರಿನ ತೊಟ್ಟಿಗಿಂತ ನಿಮ್ಮದೇ ಒಂದು ಬಕೆಟ್ ಒಳ್ಳೆಯದು.

ಕೊಳ್ಳುವ ಮುನ್ನ ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳಬೇಕು: ನೀರಿನಲ್ಲಿ ಕೈ ಬಳಸದೆ, ಏನನ್ನೂ ಹಿಡಿಯದೆ, ಒಂದೇ ಮಟ್ಟದಲ್ಲಿ ನಿಲ್ಲಲು ಬರುತ್ತದೆಯೇ? ಬರುವವರೆಗೆ ಯಾವ ಕ್ಯಾಮೆರಾವೂ ಬೇಡ. ಪರದೆಯ ಮೇಲೆ ಕಣ್ಣಿಟ್ಟವರ ಮೊಣಕಾಲು ಹವಳದ ಮೇಲೆ ಊರಿರುತ್ತದೆ, ಫಿನ್ ಹಿಂದಿನ ಬಂಡೆಯನ್ನು ಒದೆಯುತ್ತಿರುತ್ತದೆ. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆಯುವ ಹವಳದ ಗಡ್ಡೆ ಒಂದು ಒದೆತಕ್ಕೆ ಮುರಿದುಬೀಳುತ್ತದೆ. ಹವಳಗಳಿಗೂ ಕಡಲಕುದುರೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಆದರೆ 15 ಮೀಟರ್ ಆಳದಲ್ಲಿ ಅವುಗಳನ್ನು ಕಾಯಬೇಕಾದವರು ನಾವೇ. ಚಿತ್ರಕ್ಕಾಗಿ ಕಡ್ಡಿಯಿಂದ ಜೀವಿಗಳನ್ನು ಸಂದಿನಿಂದ ಹೊರಗೆಬ್ಬಿಸುವ ಗೈಡುಗಳಿದ್ದರೆ ಬೇಡವೆಂದು ಸನ್ನೆ ಮಾಡಿ. ಚಿತ್ರ ತೆಗೆಯುತ್ತಿರುವಾಗ ಸಿಲಿಂಡರಿನ ಗಾಳಿಯ ಲೆಕ್ಕವೂ, ಜೊತೆಗಾರ ಡೈವರ್ ಎಲ್ಲಿದ್ದಾರೆಂಬ ನೆನಪೂ ತಪ್ಪಿಹೋಗುವುದು ಸುಲಭ. ಎರಡು ಚಿತ್ರಕ್ಕೊಮ್ಮೆ ಉಳಿದ ಗಾಳಿ ತೋರಿಸುವ ಗೇಜ್ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಹಣ ಸಾಲದಿದ್ದರೆ ಮೊದಲು ಕ್ಯಾಮೆರಾ ಮತ್ತು ಹೌಸಿಂಗ್, ಮುಂದಿನ ಪ್ರವಾಸಕ್ಕೆ ಲೈಟು ಮತ್ತು ಟ್ರೇ. ಹೌಸಿಂಗನ್ನು ಮುಂದೂಡಿ ಲೈಟ್ ತೆಗೆದುಕೊಳ್ಳುವುದು ಬೇಡ. ಟಿಜಿ-7 ಎಲ್ಲ ಊರಿನ ಅಂಗಡಿಗಳಲ್ಲಿ ಸಿಗುವ ಕ್ಯಾಮೆರಾ ಅಲ್ಲ, ಹೊರದೇಶದಿಂದ ತಂದು ಮಾರುವವರಿದ್ದಾರೆ. ಭಾರತದಲ್ಲಿ ವಾರಂಟಿ ನಡೆಯುತ್ತದೆಯೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ನೀರು ಹೊಕ್ಕು ಆದ ಹಾನಿ ಅದರಲ್ಲಿ ಸೇರಿದೆಯೇ ಎಂದು ಓದಿಕೊಳ್ಳಿ. ಹೌಸಿಂಗಿನ ಓ-ರಿಂಗ್ ಒಂದು ಹೆಚ್ಚುವರಿ ಇರಲಿ, ಅದನ್ನು ಕ್ಯಾಮೆರಾದ ಜೊತೆಗೇ ತರಿಸಿಕೊಳ್ಳಿ. ಆಮೇಲೆ ಹುಡುಕುವುದು ಕಷ್ಟ. ಮೆಮೊರಿ ಕಾರ್ಡು, ಸಿಲಿಕಾ ಜೆಲ್ ಪೊಟ್ಟಣಗಳಂಥವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಕ್ಯಾಮೆರಾದಲ್ಲಿ ಚಿತ್ರಗಳನ್ನು ರಾ (ಸೆನ್ಸರ್ ಹಿಡಿದ ಮೂಲ ಮಾಹಿತಿಯ ಫೈಲು) ರೂಪದಲ್ಲಿಯೂ ಉಳಿಸುವಂತೆ ಹೊಂದಿಸಿ, ಬಣ್ಣ ತಿದ್ದುವಾಗ ಅದೇ ಆಸರೆ. ಲೈಟ್ ಇಲ್ಲದೆ ತೆಗೆಯುವಾಗ ಆಳಕ್ಕೆ ತಕ್ಕಂತೆ ಇರುವ ಮೂರು ನೀರೊಳಗಿನ ವೈಟ್ ಬ್ಯಾಲೆನ್ಸುಗಳಲ್ಲಿ (ಬಣ್ಣ ಸರಿದೂಗಿಸುವ ಹೊಂದಿಕೆಗಳು) ಸರಿಹೊಂದುವುದನ್ನು ಆರಿಸಿ.

ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನೆಲ್ಲ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಸಾಮಾನಿನಲ್ಲಿ ಅವುಗಳಿಗೆ ಅನುಮತಿಯಿಲ್ಲ. ವಿಡಿಯೊ ಲೈಟಿನಿಂದ ಬ್ಯಾಟರಿ ಹೊರತೆಗೆದು, ತುದಿಗಳಿಗೆ ಟೇಪ್ ಅಂಟಿಸಿಡಿ. ಚೀಲದೊಳಗೆ ಗುಂಡಿ ಒತ್ತಿಹೋಗಿ ಉರಿಯತೊಡಗಿದರೆ ನೀರಿನ ತಂಪಿಲ್ಲದ ಆ ಲೈಟು ಕೈ ಸುಡುವಷ್ಟು ಬಿಸಿಯಾಗುತ್ತದೆ. ಹೌಸಿಂಗನ್ನು ಪೂರ್ತಿ ಬಿಗಿದು ಮುಚ್ಚಿ ಸಾಗಿಸಬೇಡಿ. ವಿಮಾನದೊಳಗಿನ ಕಡಿಮೆ ಒತ್ತಡದಲ್ಲಿ ಮುಚ್ಚಿದ್ದು ಕೆಳಗಿಳಿದ ಮೇಲೆ ತೆರೆಯಲು ಬಾರದಂತೆ ಅಂಟಿಕೊಳ್ಳಬಹುದು, ದಿನಗಟ್ಟಲೆ ಅದುಮಿಟ್ಟರೆ ಓ-ರಿಂಗಿನ ಆಕಾರವೂ ಕೆಡುತ್ತದೆ. ಬಳೆಯನ್ನು ತೆಗೆದು ಪುಟ್ಟ ಜಿಪ್ ಚೀಲದಲ್ಲಿಟ್ಟು, ಹೌಸಿಂಗಿನ ಬಾಗಿಲನ್ನು ಬಿಗಿಯದೆ ಸುಮ್ಮನೆ ಮುಂದಕ್ಕೆ ಮಾಡಿ, ನಡುವೆ ಮೆತ್ತನೆಯ ಬಟ್ಟೆ ಇಟ್ಟರೆ ಸಾಕು.